ಇನ್ನೂ ಸ್ವಲ್ಪ ಆಳಕ್ಕೆ ಕುಯ್ಯಲಾ?

ಬೆಳಗಿನ ಆರೂವರೆ. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಐವತ್ತೆರಡರ ಟೆಕ್ನಿಷಿಯನ್ ಅಕ್ಕ ಮೇಣದ ಬಿಲ್ಲೆಯೊಂದನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸುತ್ತಾರೆ. ಮೇಣದೊಳಗೆ ರೋಗ ಪತ್ತೆಗೆಂದು ತೆಗೆದ ಯಾರದೋ ಮೈಯ ಚೂರು. ಈರುಳ್ಳಿ ಪೊರೆಗಿಂತ ತೆಳ್ಳಗಿನ ಪದರಗಳು ಪಟ್ಟಿಯಾಗಿ ಹೊರಬರುತ್ತವೆ. ಕುಂಚದಿಂದ ಎತ್ತಿ ಬಿಸಿನೀರಿನ ಮೇಲೆ ತೇಲಿಬಿಡುವವರೆಗೂ ಅಕ್ಕ ಉಸಿರು ಬಿಡುವುದಿಲ್ಲ. "ಸೀನಿದ್ರೆ ಮುಗೀತು ಕಥೆ," ಎಂದು ಆಮೇಲೆ ನಗುತ್ತಾರೆ.

ದಿನಕ್ಕೆ ಎಂಬತ್ತು ಬಿಲ್ಲೆ, ಇಪ್ಪತ್ತೇಳು ವರ್ಷ. ವರದಿಗೆ ಸಹಿ ಡಾಕ್ಟರದು. ಅಕ್ಕ ಯಾರೆಂದು ಯಾವ ರೋಗಿಗೂ ಗೊತ್ತಿಲ್ಲ.

ಹದಿಮೂರಕ್ಕೆ ಮುಟ್ಟಾದಾಗಿನಿಂದ ತಿಂಗಳಿಗೆ ನಾಲ್ಕು ದಿನ ಅಕ್ಕ ಹೊಟ್ಟೆ ಹಿಡಿದು ಹೊರಳಾಡಿದವರು. "ಎಲ್ಲರಿಗೂ ಆಗೋದೇ, ಮದುವೆಯಾದ್ರೆ ಸರಿಹೋಗುತ್ತೆ ಅಂದ್ರು ಚಿಕ್ಕಮ್ಮ. ಆದ್ಮೇಲೆ, ಮಗುವಾದ್ರೆ ಸರಿಹೋಗುತ್ತೆ ಅಂದ್ರು ಅತ್ತೆ. ಮಗು ಆಗ್ಲೇ ಇಲ್ಲ." ಮೂವತ್ತೊಂದಕ್ಕೆ ಆಪರೇಷನ್ ಆದಾಗಷ್ಟೇ ಕಾಯಿಲೆಗೆ ಹೆಸರು ಸಿಕ್ಕಿತು: ಎಂಡೊಮೆಟ್ರಿಯೋಸಿಸ್. "ನನ್ನ ಬಿಲ್ಲೆ ನಾನೇ ಕುಯ್ದೆ. ಬೇರೆಯವ್ರು ಹಾಳು ಮಾಡಿದ್ರೆ?"

"ಗರ್ಭಕೋಶದ ಒಳಪದರದಂಥದ್ದೇ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೇರೂರುತ್ತೆ. ತಿಂಗಳು ತಿಂಗಳು ಅಲ್ಲೂ ರಕ್ತ ಒಸರುತ್ತೆ, ಹೋಗೋಕೆ ದಾರಿ ಇಲ್ಲ. ಊದ್ಕೊಂಡು, ಗಾಯ ಕಟ್ಟಿ, ಒಂದಕ್ಕೊಂದು ಅಂಟ್ಕೊಳ್ಳುತ್ತೆ," ಎಂದು ಅಕ್ಕ ಬೆರಳು ಹೆಣೆದು ತೋರಿಸುತ್ತಾರೆ. ಮುಟ್ಟಿನ ರಕ್ತ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿಯುವುದೇ ಕಾರಣವೆನ್ನುವವರಿದ್ದಾರೆ. ಆದರೆ ಹಾಗೆ ಹರಿಯುವುದು ಬಹಳ ಹೆಂಗಸರಲ್ಲಿ; ರೋಗ ಕೆಲವರಿಗಷ್ಟೇ. ವಂಶ, ಹಾರ್ಮೋನು, ಮೈಯ ರಕ್ಷಣಾಶಕ್ತಿ ಇವುಗಳ ಕೈವಾಡವೂ ಇರಬಹುದು. "ಪೂರ್ತಿ ಯಾರಿಗೂ ಗೊತ್ತಿಲ್ಲ. ಹುಡುಗಿ ಮಾಡಿದ ತಪ್ಪಂತೂ ಅಲ್ಲ."

ಕಳೆದ ತಿಂಗಳು ಹತ್ತೊಂಬತ್ತರ ಹುಡುಗಿಯೊಬ್ಬಳ ಚೂರು ಬಂದಿತ್ತು. ಮೊದಲ ಪದರಗಳನ್ನಿಟ್ಟ ಗಾಜಿನಲ್ಲಿ ಏನೂ ಕಾಣದೆ ಡಾಕ್ಟರು ಹಾಗೆಂದೇ ಬರೆಯಹೊರಟಿದ್ದರು. ಜೊತೆಗಿದ್ದ ಚೀಟಿಯಲ್ಲಿ 'ಆರು ವರ್ಷದಿಂದ ನೋವು' ಎಂದಿದ್ದುದು ಅಕ್ಕನ ಕಣ್ಣಿಗೆ ಬಿತ್ತು.

"ಸರ್, ಇನ್ನೂ ಸ್ವಲ್ಪ ಆಳಕ್ಕೆ ಕುಯ್ಯಲಾ?"

"ಪುರುಸೊತ್ತಿದ್ರೆ ಕುಯ್ಯಿರಿ."

ಪುರುಸೊತ್ತು ಎಲ್ಲಿತ್ತು? ಊಟ ಬಿಟ್ಟು ಕೂತರು. ಅರವತ್ತನೆಯ ಪದರದ ಹೊತ್ತಿಗೆ ಅದೇ ಕಾಯಿಲೆಯ ಗುರುತು ಸಿಕ್ಕಿತು. ಸೂಕ್ಷ್ಮದರ್ಶಕದಿಂದ ತಲೆಯೆತ್ತಿದ ಡಾಕ್ಟರು ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಬನ್ನಿ, ನೀವೂ ನೋಡಿ."

ಎರಡು ದಿನದ ನಂತರ ಲ್ಯಾಬಿನ ಪಕ್ಕದ, ವರದಿ ಕೊಡುವ ಕಿಟಕಿಯಲ್ಲಿ ಆ ಹುಡುಗಿ ವರದಿ ತೆಗೆದುಕೊಂಡಳು. ಓದಿ, ತಾಯಿಯ ಕಡೆ ತಿರುಗಿ, "ಅಮ್ಮ, ನಾನು ನಾಟಕ ಆಡ್ತಿರ್ಲಿಲ್ಲ," ಎಂದಳು. ಗೋಡೆಯಾಚೆ ಅಕ್ಕನಿಗೆ ಅದು ಕೇಳಿಸಿತು.

ಹೋಗಿ ಮಾತಾಡಿಸಲಿಲ್ಲವೇ ಎಂದರೆ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

"ಏನಂತ ಮಾತಾಡ್ಸಲಿ? ಬಾಗಿಲ ಸಂದಿಯಿಂದ ನೋಡ್ದೆ. ಅವಳಮ್ಮ ಅವಳ ತಲೆ ಎದೆಗೆ ಒತ್ಕೊಂಡಿದ್ರು. ಅಷ್ಟು ಸಾಕಾಯ್ತು ನನಗೆ."