ಬುಟ್ಟಿಗೆ ಹೋಗಿದ್ದ ಮಸಿಕುಡಿಕೆ

ಈನಕ್ ಗಾರ್ಬೆಟ್ ನಮ್ಮ ಬರ್ಮಿಂಗ್‌ಹ್ಯಾಮಿನ ಟಾಲಿಸ್ ಕಾರ್ಖಾನೆಯಲ್ಲಿ ತಲೆ ನರೆಯುವವರೆಗೂ ತಿರುಪಿನ ಮಸಿಕುಡಿಕೆ ಜೋಡಿಸಿದ. ನಾನು ಪಕ್ಕದ ಬೆಂಚಿನಲ್ಲಿ ಹಿತ್ತಾಳೆ ತಿಕ್ಕುತ್ತಿದ್ದವಳು. ನಮ್ಮ ವಠಾರವೂ ಒಂದೇ.

ಆ ಕುಡಿಕೆಯ ಮೇಲಿನ ಗುಬುಟು ತಿರುಗಿಸಿದರೆ ಒಳಗಿನ ರಬ್ಬರು ಬಿಲ್ಲೆ ಕೆಳಗಿಳಿದು ಮಸಿಯನ್ನು ಒತ್ತುತ್ತದೆ, ಮಸಿ ಪಕ್ಕದ ಪುಟ್ಟ ಬಟ್ಟಲಿಗೆ ಏರುತ್ತದೆ. ಬರೆದಾದ ಮೇಲೆ ಹಿಂದಕ್ಕೆ ತಿರುಗಿಸಿದರೆ ಮತ್ತೆ ಹೊಟ್ಟೆಯೊಳಕ್ಕಿಳಿದು, ಒಣಗದೆ, ಧೂಳು ಬೀಳದೆ ಇರುತ್ತದೆ. ಬಿಲ್ಲೆ ಬಿಗಿಯಾಗಿ ಕೂರದಿದ್ದರೆ ಮಾತ್ರ ಮಸಿ ಕತ್ತಿನಿಂದ ಉಕ್ಕುತ್ತದೆ. ಈನಕ್ ಪ್ರತಿಯೊಂದಕ್ಕೂ ನೀರು ತುಂಬಿ ತಿರುಗಿಸಿ ನೋಡುತ್ತಿದ್ದ. ಉಕ್ಕಿದರೆ ಹಿತ್ತಾಳೆಯ ತಳಕ್ಕೆ ಮೊಳೆಯಿಂದ ಗೀಟೆಳೆದು ಕೆಟ್ಟ ಮಾಲಿನ ಬುಟ್ಟಿಗೆ ಹಾಕುತ್ತಿದ್ದ. ಅವನು ಎಡಚ, ಗೀಟಿನ ಬಾಲ ಎಡಕ್ಕೆ ಕೊಂಕುತ್ತಿತ್ತು.

ಅವನು ಪಾಸು ಮಾಡಿದ ಕುಡಿಕೆಗಳೆಲ್ಲ ವಕೀಲರ ಮೇಜು ಸೇರಿದವು. ಅವನ ಹೆಂಡತಿ ಕೆಜಾಯ ಒಂದನ್ನೂ ಕಂಡವಳಲ್ಲ. ಕೆಲಸ ಬಿಡುವ ಹಳಬರಿಗೆ ಹೆಸರು ಕೊರೆಸಿದ ಕುಡಿಕೆ ಕೊಡುವುದು ಕಾರ್ಖಾನೆಯ ವಾಡಿಕೆ. ಅದನ್ನೇ ನಂಬಿ ಅವಳು ಮೇಜಿಗೆ ಬಿಳಿ ಬಟ್ಟೆ ಹೊಲಿದು ಹಾಸಿದ್ದಳು.

"ಏನೇ ಕೆಜಾಯ, ಮಹಾರಾಣಿ ಬರ್ತಾಳಾ ನಿಮ್ಮನೆಗೆ?" ಎಂದು ಕಿಚಾಯಿಸಿದೆ.

"ಅವಳು ಬಂದ್ರೂ ಅದ್ರ ಮೇಲೆ ಚಾ ಇಡಕ್ಕೆ ಬಿಡಲ್ಲ ಕಣೆ."

ಕೊನೆಯ ದಿನ ಟಾಲಿಸ್ ದಣಿ ಭಾಷಣ ಬಿಗಿದು, ಬೆಳ್ಳಿ ನೀರು ಹಾಕಿಸಿದ ಕುಡಿಕೆಯನ್ನು ಈನಕನ ಕೈಗಿಟ್ಟ. ನಾವು ಚಪ್ಪಾಳೆ ತಟ್ಟಿದೆವು. ಈನಕ್ ಅಭ್ಯಾಸಬಲದಿಂದ ಅದನ್ನು ಬೋರಲು ಮಾಡಿ ತಳ ನೋಡಿದ. ಮುಖ ಕಪ್ಪಿಟ್ಟಿತು. ನಾನೂ ಬಗ್ಗಿ ನೋಡಿದೆ. ಬೆಳ್ಳಿಯ ಕೆಳಗೆ ಅದೇ ಗೀಟು, ಬಾಲ ಎಡಕ್ಕೆ.

"ದಣೀ, ಇದು ಬುಟ್ಟೀದು. ಉಕ್ಕುತ್ತೆ," ಎಂದ ಮೆಲ್ಲಗೆ.

"ನಿಂಗೆ ಬರೆಯೋಕೆ ಬರುತ್ತೇನಯ್ಯಾ?" ದಣಿ ನಕ್ಕ. "ಚೆಂದಕ್ಕೆ ಇಟ್ಕೋ ಹೋಗು."

ಜೊತೆಗೆ ಕೆಲವರು ನಕ್ಕರು. ಅವರ ಬಾಯಿಗೆ ಹುಳ ಬೀಳಲಿ.

ನಾನೂ ಈನಕನ ಜೊತೆಗೇ ಅವನ ಮನೆಗೆ ಹೋದೆ. ಕೆಜಾಯ ಮಸಿ ಕೊಂಡು ತಂದಿಟ್ಟುಕೊಂಡೇ ಕಾದಿದ್ದಳು. ಈನಕ್ ಬೇಡವೆನ್ನುವಷ್ಟರಲ್ಲಿ ತುಂಬಿ, ಗುಬುಟು ತಿರುಗಿಸಿಯೇಬಿಟ್ಟಳು. ಮಸಿ ಕತ್ತಿನಿಂದ ಉಕ್ಕಿ, ಕೊರೆದ ಹೆಸರಿನ ಮೇಲೆ ಹರಿದು, ಬಿಳಿ ಬಟ್ಟೆಗಿಳಿಯಿತು.

"ಅಯ್ಯೋ! ಇದನ್ನ ನೀವೇ ನೋಡಿ ಪಾಸು ಮಾಡಿದ್ದೇನ್ರೀ?"

ನಾನು ಬಾಯಿ ತೆರೆದೆ. ಈನಕ್ ಸುಮ್ಮನಿರೆಂದು ಕಣ್ಣಲ್ಲೇ ಗದರಿಸಿದ. ನಿಜ ಹೇಳಿದರೆ ಕಾರ್ಖಾನೆ ತನ್ನನ್ನು ಏನೆಂದು ಎಣಿಸಿತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು.

"ಹೂಂ. ನಾನೇ," ಎಂದ.

ಜೀವಮಾನದಲ್ಲಿ ಒಂದು ಕೆಟ್ಟ ಕುಡಿಕೆಯನ್ನೂ ಬಾಗಿಲು ದಾಟಿಸದ ಮನುಷ್ಯ ಅವನು. ಕೆಜಾಯ ಅವನ ಕೈ ಹಿಡಿದು ಸಮಾಧಾನ ಮಾಡಿದಳು:

"ಹೋಗ್ಲಿ ಬಿಡಿ. ವಯಸ್ಸಾಯ್ತಲ್ಲ, ಕೈ ನಡುಗಿರುತ್ತೆ."