ಅಕ್ಕ ಬೇಡವೆಂದದ್ದು ಗಂಜಿಯನ್ನಲ್ಲ

ಮೊದಲು ನಿಂತದ್ದು ಅಕ್ಕನ ಕೈ.

ವೇಣೂರಿನಾಚೆಯ ನಮ್ಮ ಕೊರಗರ ಕಾಲನಿಯಲ್ಲಿ ಸುಂದರಿ ಅಕ್ಕನಷ್ಟು ಚುರುಕಾಗಿ ಬುಟ್ಟಿ ಹೆಣೆಯುವವರು ಬೇರೆ ಇಲ್ಲ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಗೋಡೆಗೆ ಒರಗಿ ಸುಮ್ಮನೆ ಕೂತಿರತೊಡಗಿದಳು. ಕಾಡಿನಿಂದ ತಂದ ಬಳ್ಳಿ ಅಲ್ಲೇ ಒಣಗಿತು. ಸ್ನಾನಕ್ಕೂ ನಾನೇ ಎಬ್ಬಿಸಬೇಕು. ಮೈ ಇಳಿಯಿತು. ಬ್ಲಡ್ ಟೆಸ್ಟ್ ಮಾಡಿಸಿದೆ. ಎಲ್ಲ ಸರಿಯಾಗಿತ್ತು.

ನಾನು ಅಂಗನವಾಡಿ ಸಹಾಯಕಿ. ಬೆಳಿಗ್ಗೆ ಹೊರಡುವ ಮುಂಚೆ ಗಂಜಿ ಬಡಿಸಿ ಅವಳ ಮುಂದಿಡುತ್ತಿದ್ದೆ. ತಟ್ಟೆ ಸರಿಸಿ, "ಬೊಡ್ಚಿ" ಎನ್ನುತ್ತಿದ್ದಳು. ತುಳುವಿನಲ್ಲಿ ಬೇಡ ಎಂದರ್ಥ. ಎರಡು ತಿಂಗಳು ಅದೊಂದೇ ಮಾತು. ಗಂಜಿ ಸೇರುತ್ತಿಲ್ಲವೆಂದು ಕೆಲವು ದಿನ ನೀರುದೋಸೆ ಎರೆದುಕೊಟ್ಟೆ.

ಅಷ್ಟರಲ್ಲಿ ಮೂಡುಬಿದಿರೆಯಲ್ಲಿ ಒಂದು ತರಬೇತಿಗೆ ಕರೆ ಬಂತು. ಆದಿವಾಸಿ ಸಮುದಾಯಗಳಲ್ಲಿ ಆತ್ಮಹತ್ಯೆ ತಡೆಯುವುದು ಹೇಗೆ ಎಂಬ ಬಗ್ಗೆ. ನಮ್ಮ ಕಾಲನಿಯಿಂದ ನಾನು ಮತ್ತು ಲಚ್ಚು ಅಜ್ಜಿ ಹೋದೆವು. ಹಾಲ್‌ನಲ್ಲಿ ಮುಂದೆ ಕುರ್ಚಿಗಳು ಖಾಲಿ ಇದ್ದವು. ನಮ್ಮವರೆಲ್ಲ ಬಾಗಿಲ ಹತ್ತಿರದ ಕೊನೆಯ ಸಾಲಿನಲ್ಲಿ ಕೂತೆವು. ಅಲ್ಲಿ ಕೂರಿ ಎಂದು ಯಾರೂ ಹೇಳಿರಲಿಲ್ಲ. ಕಾಲು ಅಲ್ಲಿಗೇ ಹೋಗುತ್ತದೆ.

ಕೌನ್ಸೆಲರ್ ವಿನುತಾ ಮೇಡಂ ಸ್ಲೈಡ್ ತೋರಿಸುತ್ತಾ ಕನ್ನಡದಲ್ಲಿ ಕೇಳಿದರು: "ನಿಮ್ಮ ಮನೆಯವರಲ್ಲಿ ಯಾರಿಗಾದರೂ ಆತ್ಮಹತ್ಯೆಯ ಆಲೋಚನೆ ಬಂದದ್ದುಂಟಾ?"

ಯಾರೂ ಕೈ ಎತ್ತಲಿಲ್ಲ. ಎರಡು ವರ್ಷದೊಳಗೆ ನಮ್ಮ ಕಾಲನಿಯಿಂದಲೇ ಇಬ್ಬರು ಹಾಗೆ ಜೀವ ಬಿಟ್ಟಿದ್ದರು. ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟವರಲ್ಲ.

ಲಚ್ಚು ಅಜ್ಜಿ ಎದ್ದು ನಿಂತರು. "ಮೇಡಂ, ಆ ಶಬ್ದ ನಮ್ಮ ಮನೆಯಲ್ಲಿ ಇಲ್ಲ. ಅದು ಪೊಲೀಸರದ್ದು, ಪೇಪರಿನವರದ್ದು."

"ಮತ್ತೆ ನಿಮ್ಮಲ್ಲಿ ಹೇಗೆ ಹೇಳ್ತಾರೆ ಅಜ್ಜಿ?"

"ಬೊಡ್ಚಿ ಅಂತಾರೆ. ಮತ್ತೆ ಮಾತಾಡುದಿಲ್ಲ. ನನ್ನ ಮಗ ಹಾಗೇ ಹೇಳಿದ್ದ."

ಅಕ್ಕ ದಿನಾ ಸರಿಸುವ ಗಂಜಿ ತಟ್ಟೆ ನೆನಪಾಯಿತು.

ಮೇಡಂ ಪ್ರೊಜೆಕ್ಟರ್ ಆಫ್ ಮಾಡಿದರು. ಕುರ್ಚಿ ಎಳೆದುಕೊಂಡು ಕೊನೆಯ ಸಾಲಿಗೇ ಬಂದು ಕೂತು ತುಳುವಿನಲ್ಲಿ ಮಾತಾಡತೊಡಗಿದರು. ಅವರ ಮನೆಮಾತೂ ತುಳುವೇ. ತರಬೇತಿ ಎಂದ ಮೇಲೆ ಕನ್ನಡದಲ್ಲೇ ಆಗಬೇಕು ಎಂದುಕೊಂಡಿದ್ದರಂತೆ. ಅನುಮಾನ ಬಂದರೆ ನೇರವಾಗಿ ಕೇಳಿ, ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂದರು. ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದರು.

"ನಮ್ಮ ದೈವ ಕೊರಗಜ್ಜನಿಗೆ ಹರಕೆ ಹೇಳಿದ್ರೆ ಸಾಕಾಗುದಿಲ್ವಾ?" ಯಾರೋ ಕೇಳಿದರು.

ಮೇಡಂ ಉತ್ತರಿಸುವ ಮೊದಲೇ ಲಚ್ಚು ಅಜ್ಜಿ ಹೇಳಿದರು: "ಅಜ್ಜನಿಗೆ ಚಕ್ಕುಲಿ ಇಡುವ, ಡಾಕ್ಟರ ಹತ್ತಿರವೂ ಹೋಗುವ. ಅಜ್ಜ ಬೇಡ ಅಂತಾರಾ?"

ಅವತ್ತು ಎಲ್ಲರೂ ನಕ್ಕದ್ದು ಆಗ ಮಾತ್ರ. ಮೇಡಂ ಅದನ್ನು ಬರೆದುಕೊಂಡರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮನೆಗೆ ಬಂದಾಗ ಎಲ್ಲವೂ ಮರೆತುಹೋಗಿತ್ತು. ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಅಕ್ಕ, ದಿನಾ ಬೇಡ ಬೇಡ ಅಂತೀಯಲ್ಲ. ಬೇಡದ್ದು ಗಂಜಿಯಾ, ಜೀವವಾ?"

ಅವಳು ನನ್ನ ಕಡೆ ತಿರುಗಿದಳು.

"ಜೀವ."

ಆಮೇಲೆ ಅತ್ತಳು. "ಈಗಾದ್ರೂ ಕೇಳಿದಿಯಲ್ಲ" ಎಂದಳು. ಬೈಯಬೇಕೆಂದು, ಕಾಲು ಹಿಡಿಯಬೇಕೆಂದು, ಓಡಿಹೋಗಬೇಕೆಂದು ಒಟ್ಟಿಗೇ ಅನಿಸಿತು. ಏನನ್ನೂ ಮಾಡಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ. ಅಲ್ಲಿಂದಲೇ ಮೇಡಮ್ಮಿಗೆ ಫೋನ್ ಮಾಡಿದೆ. ಅವರು ಅಕ್ಕನೊಂದಿಗೂ ಮಾತಾಡಿದರು. ಮರುದಿನವೇ ಅಕ್ಕನನ್ನು ಬಂಟ್ವಾಳದ ಸೈಕಿಯಾಟ್ರಿಸ್ಟ್ ಹತ್ತಿರ ಕರೆದೊಯ್ದೆ.

"ಇದು ಡಿಪ್ರೆಶನ್. ಇದೂ ಒಂದು ಕಾಯಿಲೆ, ಸೋಮಾರಿತನ ಅಲ್ಲ," ಎಂದರು ಡಾಕ್ಟರ್. "ಮಾತ್ರೆ ಹಿಡಿಯಲಿಕ್ಕೆ ಕೆಲವು ವಾರ ಬೇಕು. ಅಷ್ಟು ದಿನ ಯಾರಾದರೂ ಜೊತೆಯಲ್ಲಿ ಇರಬೇಕು."

ಯಾರು ಇರುವುದು? ನಾನು ಕೆಲಸಕ್ಕೆ ಹೋಗದೆ ಮನೆ ನಡೆಯದು. ನಾನು ಕೇಳುವ ಮೊದಲೇ ಲಚ್ಚು ಅಜ್ಜಿ ಎಲೆ ಅಡಿಕೆಯ ಚೀಲ ಹಿಡಿದುಕೊಂಡು ಬಂದರು. ದಿನವೂ ಬಂದರು. ಬುದ್ಧಿ ಹೇಳಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತರು. ಮಾತ್ರೆಯಿಂದ ಅಕ್ಕನಿಗೆ ಬಾಯಿ ಒಣಗುತ್ತಿತ್ತು, ಹಗಲೆಲ್ಲ ತೂಕಡಿಕೆ. ನಾಲ್ಕನೆಯ ವಾರ ಅಂಗಳಕ್ಕೆ ಬಂದ ಪಕ್ಕದ ಮನೆಯ ಕೋಳಿಗೆ ಜೋರಾಗಿ ಬೈದಳು. ಅಜ್ಜಿ ನನ್ನ ಮುಖ ನೋಡಿದರು.

"ನಿಮಗೆ ಕಷ್ಟ ಆಗುದಿಲ್ವಾ ಅಜ್ಜಿ, ಹೀಗೆ ಕೂರಲಿಕ್ಕೆ?" ಒಮ್ಮೆ ಕೇಳಿದೆ.

"ನನ್ನ ಮಗನ ಹತ್ತಿರ ಹೀಗೆ ಕೂರಬೇಕು ಅಂತ ನನಗೆ ಗೊತ್ತಿರಲಿಲ್ಲ ಮಗಾ."

ಮುಂದಿನ ತರಬೇತಿ ನಮ್ಮ ಕಾಲನಿಯಲ್ಲೇ ನಡೆಯಿತು. ಚಾಪೆಯ ಮೇಲೆ, ತುಳುವಿನಲ್ಲಿ. ಅಜ್ಜಿ ತಮ್ಮ ಮಗನ ಹೆಸರು ಹೇಳಿಯೇ ಮಾತಾಡಿದರು. ಅಕ್ಕ ಒಳಗೆ ಕೂತು ಕೇಳಿಸಿಕೊಂಡಳು.

ಈಗ ಐದು ತಿಂಗಳಾಯಿತು. ಗುಣವಾಯಿತು ಎಂದು ಹೇಳಲು ನನಗೆ ಧೈರ್ಯವಿಲ್ಲ. ಮಾತ್ರೆ ನಿಲ್ಲಿಸಬಾರದು ಎಂದಿದ್ದಾರೆ. ಕೆಲವು ಬೆಳಿಗ್ಗೆ ಅವಳು ಇನ್ನೂ ಗೋಡೆಯ ಕಡೆಗೇ ಮುಖ ಮಾಡಿ ಮಲಗಿರುತ್ತಾಳೆ. ಆದರೆ ನಮ್ಮ ನಡುವೆ ಈಗ ಬಚ್ಚಿಟ್ಟ ಮಾತಿಲ್ಲ. ಅಷ್ಟಕ್ಕೆ ನಾನು ಋಣಿ. ದಿನವೂ ಸಂಜೆ ಕೇಳುತ್ತೇನೆ. ನಿನ್ನೆಯೂ ಕೇಳಿದೆ.

"ಅಕ್ಕ, ಇವತ್ತು ಬೇಡ ಅಂತ ಅನಿಸಿತಾ?"

"ಇವತ್ತು ಇಲ್ಲ," ಎಂದಳು. "ನಾಳೆಯೂ ಕೇಳು."

"ಕೇಳ್ತೇನೆ," ಎಂದೆ.