ಗ್ಲೌಸ್ ತೆಗೆಯದ ಆಂಟಿ

ಮಾಸ್ಕಿನ ತಂತಿ ವರ್ಷಗಟ್ಟಲೆ ಒತ್ತಿ ಒತ್ತಿ ಆಂಟಿಯ ಮೂಗಿನ ಮೇಲೆ ಒಂದು ಕಪ್ಪು ಗೆರೆ ಬಿದ್ದಿತ್ತು. ಇಳಕಲ್ ಸೀರೆ ಉಟ್ಟು, ಹೂ ಮುಡಿದು ಬಂದ ದಿನವೂ ಆ ಗೆರೆ ಎದ್ದು ಕಾಣುತ್ತಿತ್ತು. ಕೈಗೆ ಸದಾ ತೆಳುವಾದ ಬಿಳಿ ಗ್ಲೌಸ್. ಯಾರಾದರೂ ಕೇಳಿದರೆ "ಅಲರ್ಜಿ ಐತ್ರಿ" ಎಂದು ಮಾತು ಮುಗಿಸಿಬಿಡುತ್ತಿದ್ದರು. ಹ್ಯೂಸ್ಟನ್ನಿನ ಕನ್ನಡದ ಮನೆಗಳಲ್ಲಿ ಅವರು ಗ್ಲೌಸ್ ಆಂಟಿ. ಬೆನ್ನ ಹಿಂದೆ ಕಂಜೂಸ್ ಆಂಟಿ. ಯುಗಾದಿಯ ಪಾಟ್‌ಲಕ್‌ಗೆ ಉಳಿದವರೆಲ್ಲ ಹೋಳಿಗೆ, ಪುಳಿಯೋಗರೆ ಮಾಡಿ ತಂದರೆ ಇವರು ಅಂಗಡಿಯಿಂದ ಬಾಳೆಹಣ್ಣು ತಂದು, ಚೀಲವನ್ನೂ ಬಿಚ್ಚದೆ ಮೇಜಿನ ಮೇಲಿಟ್ಟು ಕೂರುತ್ತಿದ್ದರು. ಆ ಹೆಸರಿಗೆ ನಕ್ಕವರಲ್ಲಿ ನಾನೂ ಒಬ್ಬಳು.

ನಾನಾಗ ಆಸ್ಟಿನ್‌ನಲ್ಲಿ ಹಳೆಯ ವಸ್ತುಗಳ ಸಂರಕ್ಷಣೆಯ ಕೋರ್ಸ್ ಓದುತ್ತಿದ್ದೆ. ಗಂಡ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿದ್ದರು. ಶನಿವಾರಗಳಲ್ಲಿ ಹ್ಯೂಸ್ಟನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ ಆಂಟಿಯ ಗ್ಯಾರೇಜಿನಲ್ಲಿ ಹಳೆಯ ಬಟ್ಟೆ, ಚರ್ಮ ರಿಪೇರಿ ಮಾಡುವ ಕೆಲಸ ಕಲಿಯುತ್ತಿದ್ದೆ. ಅವರ ಮನೆ ತೈಲ ಕಂಪನಿಗಳ ಆಫೀಸುಗಳಿರುವ ಎನರ್ಜಿ ಕಾರಿಡಾರ್‌ನ ಹಿಂಬದಿಯ ಬೀದಿಯಲ್ಲಿತ್ತು. ಯಜಮಾನರು ತೈಲ ಕಂಪನಿಯ ಎಂಜಿನಿಯರ್. ಅದಕ್ಕೂ ಮೊದಲು ಬಹಳ ವರ್ಷ ಇಬ್ಬರೂ ಅರ್ಜೆಂಟೀನಾದ ದಕ್ಷಿಣ ತುದಿಯ ಪ್ಯಾಟಗೋನಿಯಾದಲ್ಲಿದ್ದರು. ಗಾಳಿ ಬಿಟ್ಟರೆ ಮಾತಾಡಿಸುವವರಿಲ್ಲದ ಆ ಊರಿನಲ್ಲಿ ಪಕ್ಕದ ಮನೆಯ, ಮಾಪುಚೆ ಬುಡಕಟ್ಟಿನ ಅಜ್ಜಿ ಆಂಟಿಗೆ ಜೊತೆಯಾದಳು. ಅಜ್ಜಿ ಗೋಡೆಗೆ ಒರಗಿಸಿದ ಮಗ್ಗದಲ್ಲಿ ಹೆಂಗಸರ ಸೊಂಟಪಟ್ಟಿ ನೇಯುತ್ತಿದ್ದಳು. ಅದನ್ನು ನೋಡಿದ ಮೇಲೆ ಇಳಕಲ್ಲಿನ ನೇಕಾರರ ಮಗಳ ಕೈ ಸುಮ್ಮನಿದ್ದೀತೇ?

"ಮೆಟ್ಟಲಾ ಮೆಟ್ಟಲಾ ಏರಿಸಿದ ಆ ಕೆಂಪು ನೋಡಿ ನಮ್ಮ ಇಳಕಲ್ ಸೀರಿ ತೋಪುತೆನಿ ಸೆರಗು ನೆನಪಾತು ತಂಗಿ. ಅಲ್ಲೇ ಕುಂತು ಅತ್ತಬಿಟ್ಟೆ" ಎನ್ನುತ್ತಿದ್ದರು.

ಅಜ್ಜಿಯಿಂದ ನೇಯ್ಗೆ ಕಲಿತರು. ಆಮೇಲೆ ಅಲ್ಲಿಯೇ ಒಂದು ಸಣ್ಣ ಮ್ಯೂಸಿಯಂನಲ್ಲಿ ಆ ನಾಡಿನ ಮೂಲನಿವಾಸಿಗಳಾದ ತೆವೆಲ್ಚೆ ಜನರ ಬಣ್ಣದ ಹೊದಿಕೆಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿದರು.

ಆ ಹೊದಿಕೆ ಎಂಥದೆಂದು ಹೇಳಬೇಕು. ಗ್ವಾನಾಕೊ ಎಂದರೆ ಡುಬ್ಬವಿಲ್ಲದ ಸಣ್ಣ ಒಂಟೆಯಂಥ ಪ್ರಾಣಿ. ಅದರ ಮರಿಗಳ ಚರ್ಮವನ್ನು ಪ್ರಾಣಿಯ ಸ್ನಾಯು ಸೀಳಿ ಮಾಡಿದ ದಾರದಿಂದ ಜೋಡಿಸಿ ಹೊಲಿಯುತ್ತಿದ್ದರು. ತುಪ್ಪಳ ಮೈಯ ಕಡೆಗೆ, ಚರ್ಮ ಹೊರಗೆ. ಆ ಹೊರಮೈಯ ಮೇಲೆ ಹೆಂಗಸರು ಕೆಂಪು, ಹಳದಿ, ಕಪ್ಪು ಮಣ್ಣನ್ನು ಕೊಬ್ಬಿನಲ್ಲಿ ಕಲಸಿ ಚಿತ್ರ ಬರೆಯುತ್ತಿದ್ದರು. ಒಂದೇ ಪುಟ್ಟ ಆಕಾರ ಸಾಲುಸಾಲಾಗಿ ಒಡಲೆಲ್ಲ ತುಂಬುತ್ತಿತ್ತು. ಅಂಚಿಗೆ ಬಂದಾಗ ಮಾತ್ರ ಬೇರೆ ವಿನ್ಯಾಸ. ಯಾರಾದರೂ ಸತ್ತರೆ ಅವರ ಸಾಮಾನಿನ ಜೊತೆ ಹೊದಿಕೆಯನ್ನೂ ಸುಡುತ್ತಿದ್ದರಂತೆ, ಇಲ್ಲವೇ ಹೂಳುತ್ತಿದ್ದರಂತೆ. ಹಾಗಾಗಿ ಉಳಿದದ್ದು ಸ್ವಲ್ಪ. ಆ ಸ್ವಲ್ಪವನ್ನು ಕೂಡಿಟ್ಟ ಹಳೆಯ ಕಾಲದ ಸಾಹೇಬರು ಹುಳ ಹಿಡಿಯದಿರಲೆಂದು ಎಷ್ಟೋ ಹೊದಿಕೆಗಳಿಗೆ ಆರ್ಸೆನಿಕ್ ಪುಡಿ ಹಾಕಿಟ್ಟಿದ್ದರು.

"ಹುಳಾ ಸತ್ತು ನೂರು ವರ್ಷಾತು. ವಿಷಾ ಇನ್ನೂ ಜೀವಂತ ಐತಿ ನೋಡು" ಎನ್ನುತ್ತಿದ್ದರು ಆಂಟಿ.

ಅವರಷ್ಟು ಹೆದರುವ ಹೆಂಗಸನ್ನು ನಾನು ನೋಡಿಲ್ಲ. ಗ್ಯಾರೇಜಿನೊಳಗೆ ನೀರು ಕುಡಿಯುವಂತಿಲ್ಲ, ಫೋನ್ ಮುಟ್ಟುವಂತಿಲ್ಲ, ಬೆವರಿದರೂ ಹಣೆ ಒರೆಸಿಕೊಳ್ಳುವಂತಿಲ್ಲ. ಹಗ್ಗ ಕಂಡರೂ ಹಾವೆನ್ನುತ್ತಾರೆ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ. ಅವರು ಮಾತ್ರ ಒಂದೇ ಮಾತು ಹೇಳುತ್ತಿದ್ದರು: "ಹೆದರವ್ರ ಕೈಯಾಗ ವಸ್ತು ಉಳಿತಾವು. ಧೈರ್ಯದವ್ರ ಕೈಯಾಗ ಹರೀತಾವು."

ಆ ವರ್ಷ ಡಾಲಸ್‌ನ ಹಳೆಯ ಮನೆಯೊಂದರಿಂದ ಆಂಟಿಗೆ ಕರೆ ಬಂತು. ಮನೆಯವರ ತಾತ ಎಂದೋ ದಕ್ಷಿಣ ಅಮೆರಿಕದಿಂದ ತಂದ ಚರ್ಮವೊಂದು ಪೆಟ್ಟಿಗೆಯಲ್ಲಿ ಸಿಕ್ಕಿದೆ, ಬಂದು ನೋಡಿ ಎಂದರು. ರಜೆಗೆ ಗಂಡನ ಬಳಿಯಿದ್ದ ನಾನು ಲೂಯಿಸ್‌ವಿಲ್‌ನಿಂದ ಹೊರಟೆ, ಆಂಟಿ ಹ್ಯೂಸ್ಟನ್ನಿನಿಂದ. ಹೆದ್ದಾರಿಯಲ್ಲಿ ಅವರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರು. "ನಾ ಬರೂತನಕ ಏನೂ ಮುಟ್ಟಬ್ಯಾಡ" ಎಂದು ಎರಡು ಸಲ ಫೋನ್ ಮಾಡಿದರು.

ನಾನು ಹೋಗುವ ಹೊತ್ತಿಗೆ ಮನೆಯಾಕೆ ಅದನ್ನು ಊಟದ ಮೇಜಿನ ಮೇಲೆ ಹರಡಿಯೇ ಬಿಟ್ಟಿದ್ದಳು. ಮೊದಲ ಸಲ ನಾನು ಅಂಥ ಹೊದಿಕೆಯನ್ನು ಇಡಿಯಾಗಿ ಕಂಡದ್ದು. ಕಿಟಕಿಯ ಬೆಳಕಿನಲ್ಲಿ ಆ ಕೆಂಪು ಇವತ್ತು ಬೆಳಿಗ್ಗೆ ಬರೆದಂತಿತ್ತು. ಅದನ್ನು ಬರೆದ ಹೆಂಗಸು ಒಂದು ಕಡೆ ಗೆರೆ ತಪ್ಪಿ, ತಿದ್ದಿ, ಮುಂದೆ ಹೋಗಿದ್ದಳು. ಆ ತಿದ್ದಿದ ಗೆರೆಯ ಹತ್ತಿರಕ್ಕೆ ಹೋದೆ. ಬ್ಯಾಗಿನಲ್ಲಿ ಗ್ಲೌಸ್ ಇತ್ತು. ಆದರೆ ದೇವರ ಪಟವೋ, ಕಾಲಿಗೆ ತಾಕಿದ ಪುಸ್ತಕವೋ ಎಂಬಂತೆ, ಬಾಗಿ ಎರಡು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಎರಡು ವರ್ಷ ಕಲಿತದ್ದನ್ನು ಹುಟ್ಟಿನಿಂದ ಬಂದ ಅಭ್ಯಾಸ ಒಂದು ಕ್ಷಣದಲ್ಲಿ ನುಂಗಿಬಿಟ್ಟಿತು.

ಕೈ ಇಳಿಸಿದಾಗ ಬೆರಳ ತುದಿಯಲ್ಲಿ ಬಿಳಿ ಪುಡಿ ಕಂಡಿತು. ಕಣ್ಣು ಚುರುಚುರು ಎನ್ನತೊಡಗಿತು. ಅಷ್ಟರಲ್ಲಿ ಆಂಟಿ ಬಾಗಿಲಲ್ಲಿದ್ದರು.

"ಮುಟ್ಟಿದೇನ?"

"ಕಣ್ಣಿಗೆ ಒತ್ಕೊಂಡೆ ಆಂಟಿ."

ಅವರು ಬಯ್ಯಲಿಲ್ಲ. ತೋಳು ಹಿಡಿದು ಅಡುಗೆಮನೆಯ ಸಿಂಕಿಗೆ ಎಳೆದೊಯ್ದರು. ಮೊದಲು ನನ್ನ ಕೈ ತೊಳೆಸಿದರು. ಗ್ಲೌಸ್ ಜಾರುತ್ತಿತ್ತೆಂದು ಕಿತ್ತೆಸೆದು, ಬರಿಗೈಯಲ್ಲಿ ನನ್ನ ರೆಪ್ಪೆ ಬಿಡಿಸಿ ಹಿಡಿದು ನೀರು ಹಾಯಿಸಿದರು. "ಕಣ್ಣ ತೆರಿ. ತೆರಿಯವಾ. ಮುಚ್ಚಬ್ಯಾಡ." ರೆಪ್ಪೆಗೆ ಅವರ ಅಂಗೈ ಒರಟಾಗಿ ತಾಕುತ್ತಿತ್ತು. ಅಂದು ಮೊದಲ ಸಲ ನಾನು ಆ ಅಂಗೈ ನೋಡಿದೆ. ಸಾಸಿವೆ ಚೆಲ್ಲಿದಂತೆ ಅದರ ತುಂಬ ಗಟ್ಟಿ ಗಂಟುಗಳು.

ನನಗೆ ತಡೆಯಲಾಗಲಿಲ್ಲ. "ಆಂಟಿ, ನಂಗೆ ಮೂರು ತಿಂಗಳು. ಇನ್ನೂ ಯಾರಿಗೂ ಹೇಳಿಲ್ಲ" ಎಂದೆ.

ಅವರ ಕೈ ನಿಂತುಹೋಯಿತು. ನಲ್ಲಿ ಸುರಿಯುತ್ತಲೇ ಇತ್ತು. ಆಮೇಲೆ ಮತ್ತೆ ತೊಳೆಯತೊಡಗಿದರು. ಅವರ ತುಟಿ ಅದುರುತ್ತಿತ್ತು. ಅದನ್ನು ಕಂಡ ಮೇಲೆಯೇ ನನಗೆ ನಿಜವಾದ ಹೆದರಿಕೆ ಹತ್ತಿದ್ದು.

ಡಾಕ್ಟರು ಮೂತ್ರ ಪರೀಕ್ಷೆಗೆ ಬರೆದರು. ಫಲಿತಾಂಶಕ್ಕೆ ಕಾದ ದಿನಗಳನ್ನು ಈಗಲೂ ನೆನೆಯಲಾರೆ. ಹೊಟ್ಟೆಯಲ್ಲಿ ಸ್ವಲ್ಪ ಹಿಂಡಿದರೂ ಬಾತ್‌ರೂಮಿಗೆ ಓಡಿ, ರಕ್ತವಿದೆಯೇ ಎಂದು ನೋಡುತ್ತಿದ್ದೆ. ಗಂಡ "ಏನೂ ಆಗಲ್ಲ ಬಿಡೇ" ಎನ್ನುತ್ತಿದ್ದರು. ಪಾಪ, ಅವರ ಅನ್ನವೂ ತಟ್ಟೆಯಲ್ಲೇ ಉಳಿಯುತ್ತಿತ್ತು. ಕೊನೆಗೆ ರಿಪೋರ್ಟ್ ಬಂತು: ಆರ್ಸೆನಿಕ್ ಜಾಸ್ತಿ ಇದೆ. ಆಂಟಿಗೆ ಫೋನ್ ಮಾಡಿ, ರಿಪೋರ್ಟ್ ಓದಿ ಹೇಳಿ ಅತ್ತೆ.

"ಮೀನ ತಿಂದಿದ್ದೇನ?" ಎಂದು ಕೇಳಿದರು.

ಪರೀಕ್ಷೆಯ ಹಿಂದಿನ ದಿನ ಹತ್ತಿರದ ಅಲೆನ್ ಊರಿನ ಗೆಳತಿ, ನಾನು ಬಸುರಿ ಎಂದು ಗೊತ್ತಾದ ಸಂಭ್ರಮಕ್ಕೆ, ಮೀನಿನ ಸಾರು ಕಳಿಸಿದ್ದಳು.

"ಮೀನಿಂದೂ ಹಂಗ ತೋರಸ್ತೈತಿ. ಐದು ದಿನಾ ಬಿಟ್ಟು ಮತ್ತ ಮಾಡ್ಸು. ಡಾಕ್ಟರಗೂ ಹೇಳು. ನಾ ಬರ್ತೇನಿ."

ಬಂದರು. ಐದು ದಿನ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದರು. ನಮ್ಮ ಒಲೆ ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತು, ಹೀಗೆ ತಟ್ಟು, ಹಾಗೆ ತಿರುವು ಎಂದು ನನ್ನ ಕೈಯಿಂದಲೇ ರೊಟ್ಟಿ ಮಾಡಿಸಿದರು. ಒಂದು ದಿನ ನಾನು ಸಿಟ್ಟಿನಿಂದ, ಆ ಹೊದಿಕೆಯನ್ನು ಸುಟ್ಟುಹಾಕಬೇಕು ಎಂದೆ.

"ಬರದಾಕಿ ಮ್ಯಾಲ ಸಿಟ್ಟಾಗಬ್ಯಾಡ" ಎಂದರು ಆಂಟಿ. "ಆಕಿ ಮಣ್ಣು ಕಲಸಿ ಬರದಾಳ, ವಿಷಾ ಅಲ್ಲ. ಈಗ ಆಕಿ ಮೊಮ್ಮಕ್ಕಳಿಗೆ ವಾಪಸ್ ಕೊಟ್ರೂ ಅವರು ಹೊದಿಯಾಕ ಆಗಂಗಿಲ್ಲ. ನಮಗಿಂತಾ ದೊಡ್ಡ ಸಂಕಟಾ ಅವರದು."

ಎರಡನೆಯ ರಿಪೋರ್ಟ್ ಸರಿಯಿತ್ತು. ಆಂಟಿ ಸೋಫಾದ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ಆಮೇಲೆ ಹೇಳಿದರು. ಪ್ಯಾಟಗೋನಿಯಾದ ಆ ಮ್ಯೂಸಿಯಂನಲ್ಲಿ ಒಂಬತ್ತು ವರ್ಷ ಬರಿಗೈಯಲ್ಲಿ ಆ ಚರ್ಮಗಳನ್ನು ಮುಟ್ಟಿದ್ದರು. ಅಂಗೈಯ ಗಂಟುಗಳು ಅಲ್ಲಿಂದ ಬಂದವು. ವಿಷದ ವಿಷಯ ಆಗ ಯಾರೂ ಹೇಳಿರಲಿಲ್ಲ.

"ಅದ ಕೈಲೆ ರೊಟ್ಟಿ ಬಡದೇನಿ, ನಾ ತಿಂದೇನಿ, ಮಂದಿಗೆ ತಿನಸೇನಿ. ಎರಡ ಸಲ ಹೊಟ್ಟಿಯಾಗ ನಿಂತಿತ್ತು, ಉಳೀಲಿಲ್ಲ. ಅದರಿಂದನ ಆತು ಅಂತ ಯಾವ ಡಾಕ್ಟರೂ ಹೇಳಲಿಲ್ಲ. ಅಲ್ಲ ಅಂತನೂ ಹೇಳಲಿಲ್ಲ."

ಬಾಳೆಹಣ್ಣಿನ ಚೀಲಕ್ಕೆ ನಕ್ಕ ನನ್ನ ನಾಲಿಗೆ ಸೀಳಿಹೋಗಬಾರದೇ ಅನ್ನಿಸಿತು.

ರಿಪೋರ್ಟ್ ಸರಿಯಿದ್ದರೂ ಹೆದರಿಕೆ ಹೋಗಲಿಲ್ಲ. ಪ್ರತಿ ಸ್ಕ್ಯಾನಿಗೂ ಜೀವ ಬಾಯಿಗೆ ಬರುತ್ತಿತ್ತು. ಮಗಳು ಹುಟ್ಟಿದ ಕೂಡಲೇ ನಾನು ಅವಳ ಬೆರಳು ಎಣಿಸಿದೆ. ಆಮೇಲೆ ಮತ್ತೊಮ್ಮೆ ಎಣಿಸಿದೆ. ಏನೂ ಕೊರತೆಯಿರಲಿಲ್ಲ. ಆಂಟಿ ನೋಡಲು ಬಂದು ಬಾಗಿಲ ಬಳಿಯೇ ನಿಂತರು. ಕೊಡಲು ಹೋದರೆ "ಬ್ಯಾಡ, ನೆಗಡಿ ಆಗೈತಿ" ಎಂದರು. ಮುಂದಿನ ಸಲವೂ ಅವರಿಗೆ ನೆಗಡಿಯೇ.

ಅವರು ತೀರಿಕೊಂಡು ಈಗ ಎರಡು ವರ್ಷ. ಮೂತ್ರಕೋಶದ ಕ್ಯಾನ್ಸರ್; ಆರ್ಸೆನಿಕ್ ಎಷ್ಟೋ ವರ್ಷಗಳ ನಂತರ ತರುವ ರೋಗಗಳಲ್ಲಿ ಅದೂ ಒಂದು. ನನ್ನ ಕಣ್ಣೂ, ಬಹುಶಃ ಮಗಳ ಜೀವವೂ, ಅವರು ಕೊಟ್ಟದ್ದು. ಇಂದು ನಾನು ಈ ಕೆಲಸದಲ್ಲಿ ಹೆದರಿ ಹೆದರಿ ಬದುಕಿರುವುದೂ ಅವರಿಂದಲೇ. ಹ್ಯೂಸ್ಟನ್ನಿನ ಆಸ್ಪತ್ರೆಗೆ ಕೊನೆಯ ಸಲ ಹೋದಾಗ ಮಗಳಿಗೆ ಒಂದೂವರೆ ವರ್ಷ. ಅಂದು ಆಂಟಿಯ ಕೈಗೆ ಗ್ಲೌಸ್ ಇರಲಿಲ್ಲ. ನರ್ಸ್ ತೆಗೆದಿಟ್ಟಿದ್ದಳು. ಆ ಕೈಯಿಂದ ಯಾರಿಗೂ ಏನೂ ಅಂಟುವುದಿಲ್ಲವೆಂದು ಡಾಕ್ಟರು ಅವರಿಗೂ ಹೇಳಿದ್ದರು, ನನಗೂ ಹೇಳಿದ್ದರು. ಅದನ್ನೇ ಓದಿ ಪಾಸಾದವಳು ನಾನು. ನನಗೆ ಚೆನ್ನಾಗಿ ಗೊತ್ತಿತ್ತು.

ಮಗಳು ಹಾಸಿಗೆಯ ಕಡೆ ಎರಡೂ ಕೈ ಚಾಚಿ "ಅಪ್, ಅಪ್" ಎಂದಳು. ಆಂಟಿ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು. "ದೂರಿಂದನ ಚಂದ ಕಾಣ್ತಾಳ ತಂಗಿ" ಎಂದರು. ಅಂದು ನೆಗಡಿಯ ನೆಪ ಹೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಏನೂ ಆಗಲ್ಲ ಆಂಟಿ, ತಗೊಳ್ಳಿ ಎಂದು ನಾನು ಮಗುವನ್ನು ಅವರ ಪಕ್ಕದಲ್ಲಿ ಕೂರಿಸಬಹುದಿತ್ತು. ಮಗಳು ಇನ್ನೂ ಬಾಗುತ್ತಲೇ ಇದ್ದಳು. ನಾನು ಅವಳನ್ನು ಆಚೆಯ ಸೊಂಟಕ್ಕೆ ಬದಲಿಸಿಕೊಂಡೆ.